ಗ್ಯಾಸು, ಪೆಟ್ರೋಲು, ದೂಳು ಇರುವ ಜಾಗದಲ್ಲಿ ಕರೆಂಟ್ ಕೆಲಸ: ಹಾಸನ–ಚಿಕ್ಕಮಗಳೂರಿನ ಎಲೆಕ್ಟ್ರಿಷಿಯನ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಮಂಗಳೂರಿನಿಂದ ಬೆಂಗಳೂರಿಗೆ ಪೆಟ್ರೋಲ್, ಡೀಸೆಲ್ ಸಾಗಿಸುವ ಪೈಪ್‌ಲೈನ್ ಹಾಸನದ ಮೇಲೆ ಹಾದುಹೋಗುತ್ತದೆ. ಇಲ್ಲೇ ಅದಕ್ಕೊಂದು ಟರ್ಮಿನಲ್ ಇದೆ. ಬಿ.ಎಂ. ರಸ್ತೆಯುದ್ದಕ್ಕೂ ಪೆಟ್ರೋಲ್ ಬಂಕ್‌ಗಳು, ಊರೂರಿಗೆ ಗ್ಯಾಸ್ ಸಿಲಿಂಡರ್ ಗೋಡೌನ್‌ಗಳು. ಕೈಗಾರಿಕಾ ಪ್ರದೇಶದಲ್ಲಿ ಸಾಲ್ವೆಂಟ್ ಬಳಸುವ ಔಷಧ ಕಾರ್ಖಾನೆಗಳು. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ನೀರಿನಿಂದ ಬಯೋಗ್ಯಾಸ್ ಮಾಡುವ ತೋಟಗಳು, ಹೊಟ್ಟಿನ ದೂಳು ಏಳುವ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳು. ಈ ಎಲ್ಲ ಕಡೆ ಮೋಟರ್, ಲೈಟು, ಸ್ವಿಚ್ಚು ಇದ್ದೇ ಇರುತ್ತವೆ. ಅವು ಕೆಟ್ಟಾಗ ಬರುವುದು ಮಾತ್ರ ಮನೆ ವೈರಿಂಗ್ ಮಾಡಿ ಪಳಗಿದ ನಮ್ಮ ಹುಡುಗರೇ. ಈ ಬರಹ ಅವರಿಗಾಗಿ.

ಇಡೀ ಬರಹದಲ್ಲಿ ನಾನು ಒತ್ತಿ ಹೇಳುವುದು ಒಂದೇ ಮಾತು. ಫ್ಲೇಮ್‌ಪ್ರೂಫ್ (ಒಳಗೆ ಸ್ಫೋಟವಾದರೂ ಬೆಂಕಿ ಹೊರಗೆ ಬಿಡದ) ಡಬ್ಬಿಯ ಮೇಲಿನ ಪ್ಲೇಟು ಅದು ಕಾರ್ಖಾನೆಯಿಂದ ಹೊರಟ ದಿನ ಹೇಗಿತ್ತು ಅಂತ ಮಾತ್ರ ಹೇಳುತ್ತದೆ. ಇವತ್ತು ಅದು ಫ್ಲೇಮ್‌ಪ್ರೂಫ್ ಹೌದೋ ಅಲ್ಲವೋ ಅನ್ನುವುದು ಕೊನೆಯ ಸಲ ಅದನ್ನು ಮುಚ್ಚಿದವರು ಹೇಗೆ ಮುಚ್ಚಿದರು ಅನ್ನುವುದರ ಮೇಲಿದೆ.

ಮೊದಲು ಡಬ್ಬಿಯನ್ನು ಅರ್ಥ ಮಾಡಿಕೊಳ್ಳಿ

ಫ್ಲೇಮ್‌ಪ್ರೂಫ್ ಬಾಕ್ಸ್ ಒಳಗೆ ಗ್ಯಾಸ್ ಹೋಗುವುದೇ ಇಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಹಾಗಲ್ಲ. ಬಾಕ್ಸ್ ಬಿಸಿಯಾದಾಗ ಒಳಗಿನ ಗಾಳಿ ಹೊರಗೆ ಬರುತ್ತದೆ, ತಣ್ಣಗಾದಾಗ ಹೊರಗಿನದು ಒಳಗೆ ಹೋಗುತ್ತದೆ. ಹೊರಗೆ ಪೆಟ್ರೋಲ್ ಆವಿ ಇದ್ದರೆ ಅದೂ ಒಳಗೆ ಸೇರುತ್ತದೆ. ಒಳಗಿನ ಕಾಂಟ್ಯಾಕ್ಟರ್ ಕಿಡಿ ಹಾರಿಸಿದರೆ ಒಳಗೇ ಸ್ಫೋಟ ಆಗುತ್ತದೆ. ಡಬ್ಬಿ ಅದನ್ನು ತಡೆದುಕೊಳ್ಳುವಷ್ಟು ಗಟ್ಟಿಯಾಗಿರುತ್ತದೆ. ಮುಚ್ಚಳಕ್ಕೂ ಡಬ್ಬಿಗೂ ನಡುವೆ ಅಗಲವಾದ, ನುಣುಪಾದ ಲೋಹದ ಅಂಚು ಇದೆಯಲ್ಲ, ಅದೇ ಫ್ಲೇಮ್ ಪಾತ್. ಅಲ್ಲಿನ ಸಂದು ಸಾಮಾನ್ಯವಾಗಿ ಮಿಲಿಮೀಟರ್‌ನ ಹತ್ತನೇ ಒಂದೋ ಎರಡೋ ಭಾಗ ಅಷ್ಟೇ. ಬೆಂಕಿ ಆ ಸಂದಿನಲ್ಲಿ ನುಗ್ಗಿ ಹೊರಬರುವಷ್ಟರಲ್ಲಿ ತಣ್ಣಗಾಗಿ, ಹೊರಗಿನ ಗ್ಯಾಸ್ ಹೊತ್ತಿಸುವ ಶಕ್ತಿ ಕಳೆದುಕೊಂಡಿರುತ್ತದೆ.

ಇಷ್ಟು ಗೊತ್ತಾದರೆ ಮುಂದಿನ ಅರ್ಧ ನಿಯಮಗಳು ತಾವಾಗಿಯೇ ಅರ್ಥವಾಗುತ್ತವೆ. ಆ ಅಂಚಿನ ಮೇಲೆ ಒಂದು ಗೀರು, ಒಂದು ಪದರ ಪೇಂಟ್, ಒಂದು ಮರಳಿನ ಕಣ ಇದ್ದರೂ ಲೆಕ್ಕ ತಪ್ಪುತ್ತದೆ.

ಹಂತ 1: ಜಾಗ ಯಾವ ಝೋನ್ ಅಂತ ಕೇಳಿ

ಕೆಲಸ ಶುರು ಮಾಡುವ ಮುಂಚೆ ಅಲ್ಲಿನ ಸೂಪರ್‌ವೈಸರ್ ಹತ್ತಿರ ಏರಿಯಾ ಕ್ಲಾಸಿಫಿಕೇಶನ್ ಡ್ರಾಯಿಂಗ್ (ಎಲ್ಲಿ ಎಷ್ಟು ಅಪಾಯ ಅಂತ ತೋರಿಸುವ ನಕ್ಷೆ) ಕೇಳಿ. ಅದಿಲ್ಲದೆ ಊಹೆ ಮೇಲೆ ಹೋಗಬೇಡಿ. ಗ್ಯಾಸ್ ಅಥವಾ ಆವಿ ಸದಾ ಇರುವ ಜಾಗ ಝೋನ್ 0, ಅಂದರೆ ಪೆಟ್ರೋಲ್ ಟ್ಯಾಂಕಿನ ಒಳಗು. ಮಾಮೂಲಿ ಕೆಲಸದ ಹೊತ್ತಲ್ಲೇ ಆಗಾಗ ಬರಬಹುದಾದ ಜಾಗ ಝೋನ್ 1. ಏನಾದರೂ ಕೆಟ್ಟಾಗ ಮಾತ್ರ, ಅದೂ ಸ್ವಲ್ಪ ಹೊತ್ತು ಬರುವ ಜಾಗ ಝೋನ್ 2. ದೂಳಿಗೆ ಇದೇ ಲೆಕ್ಕದಲ್ಲಿ 20, 21, 22. ನಮ್ಮ ದೇಶದಲ್ಲಿ ಗ್ಯಾಸು, ಆವಿ ಇರುವ ಜಾಗಗಳ ವಿಂಗಡಣೆಗೆ ಐಎಸ್ (ಭಾರತೀಯ ಮಾನದಂಡ) 5572, ಎಲ್ಲಿಗೆ ಯಾವ ಉಪಕರಣ ಅನ್ನುವುದಕ್ಕೆ ಐಎಸ್ 5571 ಇವೆ. ಅಳವಡಿಕೆಗೆ ಐಎಸ್/ಐಇಸಿ 60079ರ 14ನೇ ಭಾಗ, ತಪಾಸಣೆಗೆ 17ನೇ ಭಾಗ.

ಗ್ಯಾಸ್ ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ಕಣ್ಣಲ್ಲೇ ಅಳೆಯುವುದು ಕಲಿಯಿರಿ. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಎಲ್‌ಪಿಜಿಯೂ ಭಾರವೇ. ಎರಡೂ ನೆಲ ಹಿಡಿದು ಹರಿದು ಕೇಬಲ್ ಟ್ರೆಂಚ್, ಚರಂಡಿ, ಪಿಟ್‌ಗಳಲ್ಲಿ ಕೂರುತ್ತವೆ. ಬಯೋಗ್ಯಾಸಿನ ಮೀಥೇನ್ ಹಗುರ, ಶೆಡ್ಡಿನ ಸೂರಿನಡಿ ಸೇರುತ್ತದೆ. ಆದರೆ ಅದರ ಜೊತೆಗೇ ಇರುವ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ಮತ್ತು ವಿಷ. ಮೊದಲು ಕೊಳೆತ ಮೊಟ್ಟೆಯ ವಾಸನೆ ಬಂದು, ಜಾಸ್ತಿ ಆದಾಗ ಮೂಗೇ ಮರಗಟ್ಟಿ ವಾಸನೆ ತಿಳಿಯುವುದಿಲ್ಲ. ತೋಟದ ಬಯೋಗ್ಯಾಸ್ ಗುಂಡಿಗೆ ಪಂಪ್ ರಿಪೇರಿಗೆ ಅಂತ ಒಬ್ಬರೇ ಇಳಿಯಲೇಬಾರದು. ವಾಸನೆ ಹೋಯಿತು ಅಂದರೆ ಗ್ಯಾಸ್ ಹೋಯಿತು ಅಂತ ಅಲ್ಲ.

ಬ್ಯಾಟರಿ ರೂಮನ್ನು ಜನ ಮರೆಯುತ್ತಾರೆ. ಚಾರ್ಜ್ ಆಗುವ ಲೆಡ್ ಆಸಿಡ್ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಗಾಳಿಯಲ್ಲಿ ಅದು ಶೇಕಡಾ 4 ಸೇರಿದರೂ ಸಾಕು, ಹೊತ್ತಿಕೊಳ್ಳುತ್ತದೆ.

ಹಂತ 2: ಪ್ಲೇಟ್ ಓದಿ, ಎಲ್ಲ ಅಕ್ಷರವನ್ನೂ ಓದಿ

ಒಂದು ಮೋಟರ್ ಮೇಲೆ 'ಎಕ್ಸ್ ಡಿಬಿ ಟೂ-ಬಿ ಟಿ4 ಜಿಬಿ' (Ex db IIB T4 Gb) ಅಂತ ಕೊರೆದಿದೆ ಅಂದುಕೊಳ್ಳಿ. ಎಕ್ಸ್ ಅಂದರೆ ಸ್ಫೋಟದಿಂದ ರಕ್ಷಣೆ ಇರುವ ಉಪಕರಣ. ಡಿ ಅಂದರೆ ಫ್ಲೇಮ್‌ಪ್ರೂಫ್. ಅಲ್ಲಿ ಡಿ ಬದಲು ಇ ಇದ್ದರೆ ಕಿಡಿಯೇ ಹಾರದಂತೆ ಮಾಡಿದ ಇನ್ಕ್ರೀಸ್ಡ್ ಸೇಫ್ಟಿ. ಐ ಇದ್ದರೆ ಗ್ಯಾಸ್ ಹೊತ್ತಿಸಲಾರದಷ್ಟು ಕಡಿಮೆ ಶಕ್ತಿಯಲ್ಲಿ ನಡೆಯುವ ಸರ್ಕ್ಯೂಟ್. ಪಿ ಇದ್ದರೆ ಒಳಗೆ ಶುದ್ಧ ಗಾಳಿಯ ಒತ್ತಡ ತುಂಬಿದ ಪ್ಯಾನೆಲ್.

ಟೂ-ಬಿ ಅನ್ನುವುದು ಗ್ಯಾಸ್ ಗುಂಪು. ಪ್ರೊಪೇನ್, ಪೆಟ್ರೋಲ್ ಟೂ-ಎ ಗುಂಪು. ಎಥಿಲೀನ್ ಟೂ-ಬಿ. ಹೈಡ್ರೋಜನ್, ಅಸಿಟಿಲೀನ್ ಟೂ-ಸಿ, ಇವೇ ಎಲ್ಲಕ್ಕಿಂತ ಅಪಾಯ. ಟೂ-ಸಿ ಬರೆದ ಉಪಕರಣವನ್ನು ಉಳಿದೆರಡು ಗುಂಪಿಗೂ ಹಾಕಬಹುದು. ಟೂ-ಎ ಉಪಕರಣವನ್ನು ಬ್ಯಾಟರಿ ರೂಮಿಗೆ ಹಾಕುವಂತಿಲ್ಲ.

ಟಿ4 ಅನ್ನುವುದು ಮೈ ಎಷ್ಟು ಬಿಸಿಯಾಗಬಹುದು ಅನ್ನುವ ಮಿತಿ. ಟಿ1ಕ್ಕೆ 450 ಡಿಗ್ರಿ ಸೆಲ್ಸಿಯಸ್, ಟಿ2ಕ್ಕೆ 300, ಟಿ3ಕ್ಕೆ 200, ಟಿ4ಕ್ಕೆ 135, ಟಿ5ಕ್ಕೆ 100, ಟಿ6ಕ್ಕೆ 85. ನಂಬರ್ ಏರಿದಷ್ಟೂ ಮೈ ತಣ್ಣಗೆ. ಪೆಟ್ರೋಲ್ ಆವಿ ಕಿಡಿಯೇ ಇಲ್ಲದೆ ಸುಮಾರು 280 ಡಿಗ್ರಿಯಲ್ಲಿ ತಾನೇ ಹೊತ್ತಿಕೊಳ್ಳಬಲ್ಲದು. ಟಿ2 ಲೈಟಿನ ಮೈ 300ರ ತನಕ ಹೋಗಬಹುದು. ಹಾಗಾಗಿ ಪೆಟ್ರೋಲ್ ಇರುವಲ್ಲಿ ಟಿ3 ಅಥವಾ ಅದಕ್ಕಿಂತ ಮೇಲಿನ ನಂಬರೇ ಬೇಕು. ಅಂಗಡಿಯವರು 'ಎರಡೂ ಫ್ಲೇಮ್‌ಪ್ರೂಫೇ ಸಾರ್' ಅಂದರೆ ಒಪ್ಪಬೇಡಿ.

ಕೊನೆಯ ಜಿಬಿ ರಕ್ಷಣೆಯ ಮಟ್ಟ. ಜಿಎ ಝೋನ್ 0ಗೂ ಆಗುತ್ತದೆ, ಜಿಬಿ ಝೋನ್ 1 ಮತ್ತು 2ಕ್ಕೆ, ಜಿಸಿ ಬರೀ ಝೋನ್ 2ಕ್ಕೆ. ಸರ್ಟಿಫಿಕೇಟ್ ನಂಬರ್ ಕೊನೆಯಲ್ಲಿ ಒಂಟಿ ಎಕ್ಸ್ (X) ಅಕ್ಷರ ಇದ್ದರೆ ವಿಶೇಷ ಷರತ್ತು ಇದೆ ಅಂತ ಅರ್ಥ. ಸರ್ಟಿಫಿಕೇಟ್ ತರಿಸಿ ಓದದೆ ಅದನ್ನು ಮುಟ್ಟಬೇಡಿ. ಪೆಟ್ರೋಲಿಯಂ ಜಾಗಗಳಲ್ಲಿ ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೊ (ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ) ಒಪ್ಪಿಗೆಯೂ ಇರಬೇಕು.

ನಮ್ಮ ಜಿಲ್ಲೆಗಳಿಗೆ ಇನ್ನೊಂದು ವಿಷಯ ಸೇರಿಸಬೇಕು. ಮೋಟರ್‌ಗಳ ಮಾಮೂಲಿ ರೇಟಿಂಗ್ ಸಮುದ್ರಮಟ್ಟದಿಂದ 1000 ಮೀಟರ್ ಎತ್ತರದವರೆಗೆ. ಚಿಕ್ಕಮಗಳೂರು ಪೇಟೆಯೇ ಸುಮಾರು 1090 ಮೀಟರ್ ಎತ್ತರದಲ್ಲಿದೆ, ಬಾಬಾಬುಡನ್‌ಗಿರಿ ಕಡೆಯ ತೋಟಗಳು ಇನ್ನೂ ಮೇಲೆ. ತೆಳು ಗಾಳಿ ಮೋಟರನ್ನು ಕಡಿಮೆ ತಣಿಸುತ್ತದೆ. ಆರ್ಡರ್ ಕೊಡುವಾಗಲೇ ಎತ್ತರ ಎಷ್ಟು ಅಂತ ಬರೆದು ಕೊಡಿ.

ಹಂತ 3: ಪರ್ಮಿಟ್, ಐಸೊಲೇಶನ್, ಗ್ಯಾಸ್ ಟೆಸ್ಟ್

ಪರ್ಮಿಟ್ ಇಲ್ಲದೆ ಬೋಲ್ಟ್ ಮುಟ್ಟುವಂತಿಲ್ಲ. ಪರ್ಮಿಟ್‌ನಲ್ಲಿ ಯಾವ ಉಪಕರಣ, ಯಾವ ಫೀಡರ್, ಎಷ್ಟು ಗಂಟೆಯಿಂದ ಎಷ್ಟರವರೆಗೆ ಅನ್ನುವುದು ಸ್ಪಷ್ಟವಾಗಿರಬೇಕು.

ಫೀಡರ್ ಆಫ್ ಮಾಡಿ, ನಿಮ್ಮದೇ ಬೀಗ ಹಾಕಿ, ಟ್ಯಾಗ್ ಕಟ್ಟಿ, ಕೀ ಜೇಬಲ್ಲಿ ಇಟ್ಟುಕೊಳ್ಳಿ. ಫ್ಯೂಸ್ ಕಿತ್ತಿಟ್ಟರೆ ಸಾಲದು. ಅಪಾಯದ ಜಾಗದಲ್ಲಿ ನ್ಯೂಟ್ರಲ್ ಕೂಡ ಬಿಡಿಸಬೇಕು, ಅದರಲ್ಲಿ ಉಳಿದ ಸಣ್ಣ ವೋಲ್ಟೇಜೇ ಕಿಡಿ ಹಾರಿಸಬಲ್ಲದು. ಮೋಟರ್ ಒಳಗೆ ತೇವ ಕಟ್ಟದಂತೆ ಹಾಕಿದ ಸ್ಪೇಸ್ ಹೀಟರ್‌ಗೆ ಬೇರೆ ಕಡೆಯಿಂದ ಸಪ್ಲೈ ಬರುತ್ತದೆ. ಮಲೆನಾಡಲ್ಲಿ ಇದು ಸಾಮಾನ್ಯ. ಅದನ್ನೂ ಆಫ್ ಮಾಡಿ. ಕೆಪಾಸಿಟರ್ ಅಥವಾ ಡ್ರೈವ್ ಇದ್ದರೆ ಪ್ಲೇಟ್‌ನಲ್ಲಿ ಬರೆದಷ್ಟು ನಿಮಿಷ ಕಾಯಿರಿ.

ಆಮೇಲೆ ಗ್ಯಾಸ್ ಟೆಸ್ಟ್. ಪೆಟ್ರೋಲ್ ಆವಿ ಗಾಳಿಯಲ್ಲಿ ಶೇಕಡಾ 1.4 ಸೇರಿದರೆ ಹೊತ್ತಿಕೊಳ್ಳಬಹುದು. ಆ ಕೆಳಮಿತಿಗೆ ಎಲ್ಇಎಲ್ ಅಂತಾರೆ. ಮೀಟರ್ ತೋರಿಸುವುದು ಅದರ ಶೇಕಡಾವಾರು. ಕಿಡಿ ಬರುವ ಯಾವ ಕೆಲಸಕ್ಕೂ ಸೊನ್ನೆ ಬಿಟ್ಟು ಬೇರೆ ಓದಿಕೆ ಒಪ್ಪಬೇಡಿ. ಎದೆಮಟ್ಟದಲ್ಲಿ ಒಂದು ಸಲ ಹಿಡಿದು ಬಿಡಬೇಡಿ. ಪೆಟ್ರೋಲ್, ಎಲ್‌ಪಿಜಿ ಆದರೆ ನೆಲಮಟ್ಟದಲ್ಲಿ ಮತ್ತು ಟ್ರೆಂಚ್ ಒಳಗೆ, ಬಯೋಗ್ಯಾಸ್ ಆದರೆ ಸೂರಿನ ಹತ್ತಿರವೂ ನೋಡಿ. ಕೆಲಸ ಮುಗಿಯುವವರೆಗೆ ಮೀಟರ್ ಆನ್ ಇರಲಿ.

ಇನ್ಸುಲೇಶನ್ ಪರೀಕ್ಷಿಸುವ ಮೆಗ್ಗರ್ ಬಗ್ಗೆ ತುಂಬಾ ಜನಕ್ಕೆ ತಿಳಿಯದ ಸಂಗತಿ ಒಂದಿದೆ. ಪ್ಯಾನೆಲ್ ರೂಮಲ್ಲಿ ನಿಂತು ಮೆಗ್ಗರ್ ಮಾಡಿದರೆ ಅಪಾಯ ಇಲ್ಲ ಅಂತ ಅಂದುಕೊಳ್ಳುತ್ತಾರೆ. ಆದರೆ 500 ವೋಲ್ಟ್ ಕೇಬಲ್‌ನ ಆ ತುದಿಗೂ ಹೋಗುತ್ತದಲ್ಲ. ಅಲ್ಲಿ ಟರ್ಮಿನಲ್ ಬಾಕ್ಸ್ ತೆರೆದಿದ್ದು ಆವಿ ಇದ್ದರೆ ಕಿಡಿ ಹಾರುವುದು ಅಲ್ಲೇ. ಎರಡೂ ತುದಿಯಲ್ಲಿ ಗ್ಯಾಸ್ ಇಲ್ಲ ಅಂತ ಖಾತ್ರಿ ಆದ ಮೇಲೆಯೇ ಮೆಗ್ಗರ್, ಮುಗಿದ ಮೇಲೆ ಕೇಬಲ್ ಡಿಸ್ಚಾರ್ಜ್.

ಮೊಬೈಲ್ ಹೊರಗಿಟ್ಟು ಹೋಗಿ. ಬಾಯಲ್ಲಿ ಮೊಬೈಲ್ ಟಾರ್ಚ್ ಕಚ್ಚಿಕೊಂಡು ಬಂಕ್‌ನ ಪಿಟ್ ಒಳಗೆ ಬಗ್ಗುವ ಅಭ್ಯಾಸ ನಮ್ಮಲ್ಲಿ ತುಂಬಾ ಇದೆ. ದಯವಿಟ್ಟು ಅದನ್ನು ಇವತ್ತೇ ಬಿಡಿ. ಸರ್ಟಿಫೈಡ್ ಟಾರ್ಚ್ ಬೇರೆಯೇ ಸಿಗುತ್ತದೆ. ನೈಲಾನ್ ಬಟ್ಟೆ ಬೇಡ, ಹತ್ತಿ ಬಟ್ಟೆ ಇರಲಿ.

ಇಷ್ಟೆಲ್ಲಾ ಯಾಕೆ ಅಂದರೆ ಜೈಪುರ ನೆನಪಿಸಿಕೊಳ್ಳಿ. 2009ರ ಅಕ್ಟೋಬರ್ 29ರಂದು ಅಲ್ಲಿನ ಸೀತಾಪುರ ಇಂಧನ ಡಿಪೋದಲ್ಲಿ ಪೆಟ್ರೋಲ್ ಸುಮಾರು ಒಂದೂಕಾಲು ಗಂಟೆ ಸೋರಿ, ಆವಿ ಮೋಡದ ಹಾಗೆ ಹರಡಿ ಸ್ಫೋಟವಾಯಿತು. 11 ಜನ ಸತ್ತರು. ಬೆಂಕಿ ಹತ್ತಿದ್ದು ಆಡಳಿತ ಕಟ್ಟಡದ ಫ್ಲೇಮ್‌ಪ್ರೂಫ್ ಅಲ್ಲದ ಎಲೆಕ್ಟ್ರಿಕ್ ಉಪಕರಣದಿಂದಲೋ ಸ್ಟಾರ್ಟ್ ಮಾಡಿದ ವಾಹನದಿಂದಲೋ ಇರಬಹುದು ಅಂತ ತನಿಖಾ ಸಮಿತಿ ಹೇಳಿತು. ಮಾಮೂಲಿ ಸ್ವಿಚ್ಚುಗಳಿರುವ ಆಫೀಸಿನ ತನಕ ಆವಿ ಹೋಗಿತ್ತು, ನೋಡಿ.

ಹಂತ 4: ತೆರೆಯುವುದು

ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಒಂದು ಬಟ್ಟಲಲ್ಲಿ ಹಾಕಿ ಎಣಿಸಿಡಿ. ಮುಚ್ಚಳ ಅಂಟಿಕೊಂಡಿದ್ದರೆ ಸ್ಕ್ರೂ ಡ್ರೈವರ್ ತೂರಿಸಿ ಮೀಟಬೇಡಿ. ಅದು ಮೀಟುವ ಜಾಗವೇ ಫ್ಲೇಮ್ ಪಾತ್! ಜಾಕ್ ಬೋಲ್ಟ್‌ಗೆ ತೂತು ಕೊಟ್ಟಿದ್ದರೆ ಅದನ್ನು ಬಳಸಿ, ಇಲ್ಲವಾದರೆ ಮರದ ಅಥವಾ ನೈಲಾನ್ ಸುತ್ತಿಗೆಯಿಂದ ಬದಿಗೆ ಮೆಲ್ಲಗೆ ತಟ್ಟಿ. ತೆಗೆದ ಮುಚ್ಚಳವನ್ನು ಅಂಚು ಮೇಲಾಗಿ ಬಟ್ಟೆ ಮೇಲೆ ಇಡಿ. ಕಾಂಕ್ರೀಟ್ ನೆಲಕ್ಕೆ ಕವುಚಿ ಇಟ್ಟರೆ ಗೀರು ಗ್ಯಾರಂಟಿ.

ಹಂತ 5: ಗ್ಲ್ಯಾಂಡ್ ಮತ್ತು ಖಾಲಿ ತೂತು

ನಾನು ನೋಡಿದ ದೋಷಗಳಲ್ಲಿ ಹೆಚ್ಚಿನವು ಇಲ್ಲೇ. ಎರಡು ಕೇಬಲ್ ಬರುವ ಬಾಕ್ಸಿಗೆ ಮೂರು ತೂತು ಇರುತ್ತವೆ. ಮೂರನೆಯದಕ್ಕೆ ಪ್ಲಾಸ್ಟಿಕ್ ಡಮ್ಮಿ, ಇಲ್ಲವೇ ಎಂ-ಸೀಲ್ ಮೆತ್ತಿರುತ್ತಾರೆ. ಒಳಗೆ ಸ್ಫೋಟವಾದರೆ ಮೊದಲು ಹಾರುವುದು ಅದೇ. ಸರ್ಟಿಫೈಡ್ ಲೋಹದ ಪ್ಲಗ್ಗೇ ಬೇಕು.

ಗ್ಲ್ಯಾಂಡ್ (ಕೇಬಲ್ ಬಾಕ್ಸ್ ಒಳಹೋಗುವಲ್ಲಿ ಅದನ್ನು ಬಿಗಿಹಿಡಿಯುವ ಬಿಡಿಭಾಗ) ಕೇಬಲ್‌ಗೆ ಸರಿಯಾದ ಸೈಜಿನದಾಗಿರಬೇಕು. ದಪ್ಪ ಸಾಲದು ಅಂತ ಕೇಬಲ್‌ಗೆ ಇನ್ಸುಲೇಶನ್ ಟೇಪ್ ಸುತ್ತಿ ಬಿಗಿಯುವುದನ್ನು ಒಪ್ಪುವಂತೆಯೇ ಇಲ್ಲ. ಆರ್ಮರ್ ಕೇಬಲ್‌ಗೆ ಡಬಲ್ ಕಂಪ್ರೆಷನ್ ಗ್ಲ್ಯಾಂಡ್, ಅದೂ ಎಕ್ಸ್ ಡಿ ಗುರುತಿನದು. ಥ್ರೆಡ್ ಕನಿಷ್ಠ 5 ಸುತ್ತು ಪೂರ್ತಿ ಕೂರಬೇಕು. ಬಾಕ್ಸಿನ ಥ್ರೆಡ್ಡೇ ಬೇರೆ, ಗ್ಲ್ಯಾಂಡಿನದೇ ಬೇರೆ ಇದ್ದರೆ ಸರ್ಟಿಫೈಡ್ ಅಡಾಪ್ಟರ್ ಒಂದನ್ನು ಹಾಕಬಹುದು. ಒಂದರ ಮೇಲೊಂದು ಎರಡು ಹಾಕುವಂತಿಲ್ಲ. ಹೊಸ ತೂತು ಕೊರೆಯುವುದಂತೂ ಬೇಡವೇ ಬೇಡ, ಕೊರೆದ ದಿನವೇ ಸರ್ಟಿಫಿಕೇಟ್ ರದ್ದಾದ ಹಾಗೆ.

ಹಂತ 6: ಮುಚ್ಚುವುದು

ಇದನ್ನು ನಿಧಾನವಾಗಿ ಓದಿ. ಬಂಕ್‌ನ ಪಂಪ್ ಪಿಟ್‌ನಲ್ಲಿರುವ ಒಂದು ಜಂಕ್ಷನ್ ಬಾಕ್ಸ್ ಮುಚ್ಚುತ್ತಿದ್ದೀರಿ ಅಂದುಕೊಳ್ಳಿ. ಎರಡೂ ಅಂಚುಗಳನ್ನು ಎಳೆ ಬಿಡದ ಒಣ ಬಟ್ಟೆಯಿಂದ ಒರೆಸಿ. ಹಳೆ ಗ್ರೀಸ್ ಗಟ್ಟಿಯಾಗಿದ್ದರೆ ಸೂಕ್ತ ಕ್ಲೀನರ್ ಹಾಕಿ ಮೆದು ಮಾಡಿ ತೆಗೆಯಿರಿ. ವೈರ್ ಬ್ರಷ್, ಉಪ್ಪುಕಾಗದ, ಅರ ಯಾವುದೂ ತಾಗಬಾರದು. ಉಗುರನ್ನು ಅಂಚಿನ ಮೇಲೆ ಅಡ್ಡಡ್ಡ ಎಳೆದು ನೋಡಿ, ಗೀರಿದ್ದರೆ ಉಗುರಿಗೆ ಸಿಗುತ್ತದೆ. ಹಾಗೆ ಸಿಕ್ಕರೆ, ಅಥವಾ ತುಕ್ಕು ತಿಂದು ಗುಳಿ ಬಿದ್ದಿದ್ದರೆ, ಬಾಕ್ಸ್ ಬದಲಿಸಿ.

ಆಮೇಲೆ ತೆಳ್ಳಗೆ ಗ್ರೀಸ್ ಸವರಿ. ಗಟ್ಟಿಯಾಗದ, ತುಕ್ಕು ತಡೆಯುವ ಗ್ರೀಸ್ ಇರಲಿ, ತಯಾರಕರು ಹೇಳಿದ್ದೇ ಆದರೆ ಒಳ್ಳೆಯದು. ಹತ್ತಿರದಲ್ಲಿ ಕ್ಯಾಟಲಿಟಿಕ್ ಗ್ಯಾಸ್ ಡಿಟೆಕ್ಟರ್ ಇದ್ದರೆ ಸಿಲಿಕೋನ್ ಗ್ರೀಸ್ ಬಳಸಬೇಡಿ. ಸಿಲಿಕೋನ್ ಆವಿ ಆ ಸೆನ್ಸರನ್ನೇ ಕೆಡಿಸುತ್ತದೆ, ಗ್ಯಾಸ್ ಬಂದರೂ ಅದು ಸುಮ್ನೆ ಕೂರುತ್ತದೆ. ಮಳೆನೀರು ಬರುತ್ತದೆ ಅಂತ ರಬ್ಬರ್ ಗ್ಯಾಸ್ಕೆಟ್ ಕತ್ತರಿಸಿ ಅಂಚಿನ ನಡುವೆ ಕೂರಿಸುವುದು ನಮ್ಮ ಕಡೆಯ ದೊಡ್ಡ ಕಾಯಿಲೆ. ಗ್ಯಾಸ್ಕೆಟ್ ಕೂತರೆ ಸಂದು ಅಗಲವಾಗುತ್ತದೆ, ಸ್ಫೋಟದಲ್ಲಿ ರಬ್ಬರ್ ಹಾರಿಹೋದರೆ ಬೆಂಕಿಗೆ ದಾರಿ ಸಲೀಸು. ನೀರು ತಡೆಯಲು ಕಂಪನಿಯೇ ಕೊಟ್ಟ ಓ-ರಿಂಗ್ ಇದ್ದರೆ ಅದನ್ನು ಮಾತ್ರ ಹೊಸದು ಹಾಕಿ.

ಬೋಲ್ಟ್‌ಗಳಿಗೆ ಬನ್ನಿ. 'ಅಣ್ಣಾ, ಒಂದು ಬೋಲ್ಟ್ ಪಿಟ್ ಒಳಗೆ ಬಿತ್ತು, ಏಳು ಹಾಕಿದ್ದೀನಿ, ಸಾಕಲ್ವಾ?' ಅಂತ ಹುಡುಗ ಕೇಳಿದರೆ ಸಾಲದು ಅಂತಲೇ ಹೇಳಿ. ಎಂಟು ಇರುವಲ್ಲಿ ಏಳು ಹಾಕಿದರೆ ಆ ಒಂದು ಜಾಗದಲ್ಲಿ ಸಂದು ಬಾಯಿ ಬಿಡುತ್ತದೆ. ಅದು ಫ್ಲೇಮ್‌ಪ್ರೂಫ್ ಅಲ್ಲ, ಬರೀ ದಪ್ಪ ಡಬ್ಬಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕ ಬೋಲ್ಟ್ ಕೂಡ ಆಗದು, ಅದೇ ಉದ್ದ, ಅದೇ ಗ್ರೇಡ್ ಇರಬೇಕು. ತಯಾರಕರು ಹೇಳಿದಷ್ಟು ಟಾರ್ಕ್‌ಗೆ, ಎದುರುಬದುರಾಗಿ ಬಿಗಿಯಿರಿ. ಕೊನೆಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿ) ಹಾಕಿ ಸುತ್ತಲೂ ನೋಡಿ. ಮಿತಿ ಎಷ್ಟು ಅನ್ನುವುದು ಕಂಪನಿಯ ಕಾಗದದಲ್ಲಿ ಇರುತ್ತದೆ.

ಸುತ್ತಮುತ್ತಲೂ ಕಣ್ಣಾಡಿಸಿ. ಚಾಚು ಅಂಚಿನ (ಫ್ಲ್ಯಾಂಜ್) ಫ್ಲೇಮ್ ಪಾತ್ ಎದುರಿಗೆ ಗೋಡೆ, ಪೈಪು, ಆಂಗಲ್ ಇದ್ದರೆ ಟೂ-ಎಗೆ 10, ಟೂ-ಬಿಗೆ 30, ಟೂ-ಸಿಗೆ 40 ಮಿಲಿಮೀಟರ್ ಆದರೂ ದೂರ ಇರಬೇಕು.

ಇ ಮತ್ತು ಐ ಗುರುತಿನವು

ಎಕ್ಸ್ ಇ ಬಾಕ್ಸ್ ಹಗುರ, ಅದರೊಳಗೆ ಸ್ಫೋಟ ತಡೆಯುವ ಶಕ್ತಿ ಇಲ್ಲ. ಅಲ್ಲಿ ಟರ್ಮಿನಲ್ ಸಡಿಲ ಆಗಲೇಬಾರದು. ಟಾರ್ಕ್ ಸ್ಕ್ರೂ ಡ್ರೈವರ್ ಬಳಸಿ, ಕಂಪನಿ ಅನುಮತಿಸದಿದ್ದರೆ ಒಂದು ಕ್ಲಾಂಪಿಗೆ ಒಂದೇ ವೈರ್. ಇಲ್ಲಿ ಗ್ಯಾಸ್ಕೆಟ್ ಇರಲೇಬೇಕು, ಡಿ ಡಬ್ಬಿಗೆ ಪೂರ್ತಿ ಉಲ್ಟಾ. ಎಕ್ಸ್ ಇ ಮೋಟರ್ ಜಾಮ್ ಆದರೆ ಪ್ಲೇಟ್ ಮೇಲೆ ಬರೆದ ಟಿಇ (ಜಾಮ್ ಆದ ಮೋಟರ್ ಬಿಸಿಯ ಮಿತಿ ಮುಟ್ಟಲು ಹಿಡಿಯುವ ಸಮಯ) ಸೆಕೆಂಡ್‌ಗಳ ಒಳಗೆ ಓವರ್‌ಲೋಡ್ ರಿಲೇ ಟ್ರಿಪ್ ಆಗಬೇಕು. ಟ್ರಿಪ್ ಜಾಸ್ತಿ ಆಗ್ತಿದೆ ಅಂತ ರಿಲೇ ಸೆಟ್ಟಿಂಗ್ ಏರಿಸುವವರು ಇದನ್ನು ಓದಲಿ.

ಎಕ್ಸ್ ಐ ಸರ್ಕ್ಯೂಟ್‌ಗೆ ನೀಲಿ ಕೇಬಲ್ ಹಾಕುವುದು ವಾಡಿಕೆ. ಅದರ ಟರ್ಮಿನಲ್‌ಗೂ ಮಾಮೂಲಿ ಟರ್ಮಿನಲ್‌ಗೂ 50 ಮಿಲಿಮೀಟರ್ ಅಂತರ ಬೇಕು. ಝೀನರ್ ಬ್ಯಾರಿಯರ್ (ಅಪಾಯದ ಜಾಗಕ್ಕೆ ಹೋಗುವ ಶಕ್ತಿಗೆ ಮಿತಿ ಹಾಕುವ ಸಾಧನ) ಇದ್ದರೆ ಅದರ ಅರ್ಥಿಂಗ್ ತಂತಿಯ ರೆಸಿಸ್ಟೆನ್ಸ್ 1 ಓಮ್‌ಗಿಂತ ಕಡಿಮೆ ಇರಬೇಕು.

ಕಾಫಿ ದೂಳಿಗೆ ಬೇರೆ ಲೆಕ್ಕ

ಕ್ಯೂರಿಂಗ್ ವರ್ಕ್ಸ್‌ನಲ್ಲಿ ಹಲ್ಲರ್, ಎಲಿವೇಟರ್, ಸೈಕ್ಲೋನ್ ಸುತ್ತ ಹೊಟ್ಟಿನ ನುಣ್ಣನೆ ದೂಳು ಏಳುತ್ತದೆ. ಕಾಫಿ ಪುಡಿ ಹೊತ್ತುತ್ತದೆಯೇ ಅಂತ ಅನುಮಾನ ಬೇಡ. 2008ರ ಫೆಬ್ರವರಿ 7ರಂದು ಅಮೆರಿಕದ ಜಾರ್ಜಿಯಾದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಬರೀ ಸಕ್ಕರೆ ದೂಳು ಸ್ಫೋಟವಾಗಿ 14 ಜನ ಸತ್ತರು.

ಗ್ಯಾಸ್‌ಗೆ ಅಂತ ಮಾಡಿದ ಫ್ಲೇಮ್‌ಪ್ರೂಫ್ ಮೋಟರ್ ದೂಳಿಗೂ ಆಗುತ್ತದೆ ಅಂತ ತಿಳಿಯಬೇಡಿ. ಪ್ಲೇಟ್‌ನಲ್ಲಿ ಎಕ್ಸ್ ಟಿಬಿ (Ex tb, ದೂಳು ಒಳಹೋಗದ ಡಬ್ಬಿ) ಥರದ ಗುರುತು, ತ್ರೀ-ಬಿ (IIIB) ಎಂಬ ದೂಳಿನ ಗುಂಪು, ಡಿಗ್ರಿಯಲ್ಲೇ ಬರೆದ ಉಷ್ಣತೆ ಇರಬೇಕು. ಮೈಯ ಬಿಸಿಗೆ ಎರಡು ಮಿತಿ. ದೂಳಿನ ಮೋಡ ಹೊತ್ತುವ ಉಷ್ಣತೆಯ ಮೂರನೇ ಎರಡು ಭಾಗ ಒಂದು. 5 ಮಿಲಿಮೀಟರ್ ದೂಳಿನ ಪದರ ಹೊತ್ತುವ ಉಷ್ಣತೆಯಿಂದ 75 ಡಿಗ್ರಿ ಕಳೆದದ್ದು ಇನ್ನೊಂದು. ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಹಿಡಿಯಿರಿ. ಪದರ 5 ಮಿಲಿಮೀಟರ್ ದಾಟಿದರೆ ಈ ಲೆಕ್ಕವೂ ನಿಲ್ಲದು. ಮೋಟರ್ ರೆಕ್ಕೆಗಳ ನಡುವೆ ಹೊಟ್ಟು ತುಂಬಿದರೆ ಬಿಸಿ ಹೊರಗೆ ಹೋಗದೆ ಒಳಗೊಳಗೇ ಹೊಗೆಯಾಡಲು ಶುರುವಾಗುತ್ತದೆ. ಹಾಗಂತ ಕಂಪ್ರೆಸರ್ ಗಾಳಿ ಊದಬೇಡಿ, ಕೂತ ದೂಳನ್ನು ನೀವೇ ಮೋಡ ಮಾಡಿದ ಹಾಗಾಗುತ್ತದೆ. ದೂಳಿಗೆ ಸರ್ಟಿಫೈ ಆದ ವ್ಯಾಕ್ಯೂಮ್ ಅಥವಾ ಒದ್ದೆ ಬಟ್ಟೆ ಬಳಸಿ.

ಮಳೆಗಾಲ, ತಪಾಸಣೆ, ರಿಪೇರಿ

ತಪಾಸಣೆಯಲ್ಲಿ ಮೂರು ಬಗೆ. ಬರೀ ಕಣ್ಣಲ್ಲಿ ನೋಡುವುದು. ಹತ್ತಿರ ಹೋಗಿ ಏಣಿ, ಸ್ಪ್ಯಾನರ್ ಹಿಡಿದು ನೋಡುವುದು. ಕರೆಂಟ್ ತೆಗೆದು, ಬಿಚ್ಚಿ ಪೂರ್ತಿ ನೋಡುವುದು. ಹೊಸದಾಗಿ ಹಾಕಿದಾಗ ಮೂರನೆಯದು ಕಡ್ಡಾಯ. ಆಮೇಲೆ ತಜ್ಞರ ಸಲಹೆ ಇಲ್ಲದೆ ಎರಡು ತಪಾಸಣೆಗಳ ನಡುವೆ 3 ವರ್ಷ ದಾಟಬಾರದು. ನನ್ನ ಅಭಿಪ್ರಾಯದಲ್ಲಿ ಮಲೆನಾಡಿಗೆ ಇದು ಸಾಲದು. ಸಕಲೇಶಪುರ, ಮೂಡಿಗೆರೆ ಕಡೆ ಮೇ ಕೊನೆಯಲ್ಲಿ ಒಂದು ಸಲ, ಮಳೆ ನಿಂತ ಮೇಲೆ ಇನ್ನೊಂದು ಸಲ ಹತ್ತಿರದಿಂದ ನೋಡಿ. ಹಗಲು ಬಿಸಿ, ರಾತ್ರಿ ತಂಪು ಅಂತ ಡಬ್ಬಿ ಉಸಿರಾಡುತ್ತಲೇ ಇರುತ್ತದೆ, ಒಳಗೆ ನೀರು ಕಟ್ಟುತ್ತದೆ. ನೀರು ಹೋಗಲಿ ಅಂತ ತಳಕ್ಕೆ ಡ್ರಿಲ್ ಹಾಕುವ ಬದಲು ಸರ್ಟಿಫೈಡ್ ಬ್ರೀದರ್ ಡ್ರೈನ್ ಇರುವ ಬಾಕ್ಸನ್ನೇ ತರಿಸಿ.

ಮೋಟರ್ ಸುಟ್ಟರೆ ಬೀದಿ ವೈಂಡಿಂಗ್ ಅಂಗಡಿಗೆ ಕೊಡಬೇಡಿ, ಎಷ್ಟೇ ಪರಿಚಯದವರಾದರೂ. ಫ್ಲೇಮ್‌ಪ್ರೂಫ್ ಮೋಟರ್‌ನಲ್ಲಿ ಶಾಫ್ಟ್ ಹೊರಬರುವ ಜಾಗವೂ ಒಂದು ಫ್ಲೇಮ್ ಪಾತ್. ಅಲ್ಲಿ ಲೇತ್ ತಾಗಿಸಿದರೆ, ಬುಶ್ ಬದಲಿಸಿದರೆ ಸಂದು ಬದಲಾಗುತ್ತದೆ. ಐಎಸ್/ಐಇಸಿ 60079ರ 19ನೇ ಭಾಗದಂತೆ ರಿಪೇರಿ ಮಾಡುವ ವರ್ಕ್‌ಶಾಪಿಗೇ ಕಳಿಸಿ. ವಾಪಸ್ ಬಂದಾಗ ಅವರ ರಿಪೇರಿ ಪ್ಲೇಟ್ ಮತ್ತು ಸಂದಿನ ಅಳತೆಯ ರಿಪೋರ್ಟ್ ಕೇಳಿ ಪಡೆಯಿರಿ. ಉಪಕರಣದ ಟ್ಯಾಗ್ ನಂಬರ್, ತೆರೆದ ತಾರೀಖು, ಏನು ಬದಲಿಸಿದಿರಿ, ಯಾವ ಗ್ರೀಸ್, ಎಷ್ಟು ಬೋಲ್ಟ್, ಫೀಲರ್ ಗೇಜ್ ಓದಿಕೆ, ಇಷ್ಟನ್ನು ರಿಜಿಸ್ಟರ್‌ನಲ್ಲಿ ಬರೆದು ಸಹಿ ಹಾಕಿ. ಆಮೇಲೆ ಬೀಗ ತೆಗೆದು ಪರ್ಮಿಟ್ ವಾಪಸ್ ಕೊಡಿ.